ಹನ್ನೆರಡು ಮನೆಗಳ ತಪಾಸಣೆ

ಹನ್ನೊಂದನೆಯ ಮನೆಯಲ್ಲೂ ಉತ್ತರ ‘ಇಲ್ಲ’ ಎಂದೇ ಬಂತು. ಮೇಷ್ಟರು ನಮೂನೆಯಲ್ಲಿ ಗುರುತು ಹಾಕಿ, ಪೆನ್ನು ಜೇಬಿಗೆ ಸಿಕ್ಕಿಸಿ, ಮೆಟ್ಟಿಲಿಳಿದರು.

ಶಾಲೆಯಿಂದ ನಿವೃತ್ತರಾದ ಮೇಲೆ ಸಮೀಕ್ಷೆಯ ಕಚೇರಿಯಲ್ಲಿ ಅವರಿಗೆ ಸಿಕ್ಕಿದ ಕೆಲಸ ಇದು: ಬೇರೆಯವರು ಮನೆಮನೆಗೆ ಹೋಗಿ ಬರೆದು ತಂದ ಉತ್ತರಗಳಲ್ಲಿ ಕೆಲವನ್ನು ಮತ್ತೆ ಕೇಳಿ ತಾಳೆ ನೋಡುವುದು. ಈ ಸಲ ಅನುಮಾನ ಬಂದದ್ದು ಹೊಸದಾಗಿ ಸೇರಿದ ಹುಡುಗಿಯ ಮೇಲೆ. ‘ನಿಮ್ಮ ಮಗಳು ಬೇರೆ ಮತದವನನ್ನು ಮದುವೆಯಾಗುತ್ತೇನೆಂದರೆ ಒಪ್ಪುತ್ತೀರಾ?’ ಎಂಬ ಪ್ರಶ್ನೆಗೆ ಉಳಿದವರ ಕಟ್ಟುಗಳಲ್ಲಿ ಹತ್ತು ಹೆಂಗಸರಿಗೆ ಒಬ್ಬರು ಹೌದೆಂದಿದ್ದರೆ, ಇವಳ ಕಟ್ಟಿನಲ್ಲಿ ಆರು ಮಂದಿ. ಎಲ್ಲೋ ಕೂತು ತಾನೇ ಗೀಚಿದ್ದಾಳೆಂದು ಕಚೇರಿಯವರ ಗುಮಾನಿ. ಹಾಗೆ ಹೌದೆಂದ ಹನ್ನೆರಡು ಮನೆಗಳನ್ನು ಆರಿಸಿ ಮೇಷ್ಟರ ಕೈಗೆ ಕೊಟ್ಟಿದ್ದರು. ತಾಳೆಯಾಗದಿದ್ದರೆ ಅವಳ ಮುನ್ನೂರು ನಮೂನೆಗಳು ರದ್ದಿಗೆ, ಹುಡುಗಿ ಮನೆಗೆ.

ಹನ್ನೆರಡನೆಯ ಮನೆಯ ಅತ್ತೆ ನಡುಮನೆಯಲ್ಲಿ ಕುರ್ಚಿ ತೋರಿಸಿದರು. “ಮತ್ತೆ ಬಂದ್ರಾ? ಮೊನ್ನೆ ತಾನೆ ಒಬ್ಬಳು ಬಂದು ಗಂಟೆಗಟ್ಟಲೆ ತಲೆ ತಿಂದು ಹೋದ್ಳು.” ಮಗ ಪೇಪರ್ ಮಡಿಸಿ ತಾಯಿಯ ಪಕ್ಕಕ್ಕೆ ಬಂದು ಕೂತ. ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಬಾಗಿಲಲ್ಲಿ ನಿಂತಳು. ಮೇಷ್ಟರು ಪ್ರಶ್ನೆ ಓದಿದರು.

“ಅದೂ ಒಂದು ಕೇಳೋ ಪ್ರಶ್ನೆನಾ?” ಎಂದರು ಅತ್ತೆ. “ಹೇಳಮ್ಮ, ಹೇಳು.”

“ಒಪ್ಪಲ್ಲ,” ಎಂದಳು ಸೊಸೆ.

ಮೇಷ್ಟರು ಗೇಟು ದಾಟುವಷ್ಟರಲ್ಲಿ ಅವಳು ಕಸದ ಬುಟ್ಟಿ ಹಿಡಿದು ಹಿಂದೆಯೇ ಬಂದಳು. “ಆ ಹುಡುಗಿಗೆ ಏನೂ ಮಾಡ್ಬೇಡಿ. ಅವಳು ಬರ್ಕೊಂಡಿದ್ದು ಸುಳ್ಳಲ್ಲ.”

“ಮತ್ತೆ ಈಗ ನೀನು ಹೇಳಿದ್ದು, ತಾಯಿ?”

“ಅವಳು ಎಲ್ಲಿ ಕೂತು ಕೇಳಿದ್ಳು, ನೀವು ಎಲ್ಲಿ ಕೂತು ಕೇಳಿದ್ರಿ?” ಬುಟ್ಟಿ ಕೊಡವಿ ಒಳಗೆ ಹೋದಳು.

ಕಚೇರಿಯಲ್ಲಿ ಮೇಷ್ಟರು ಹುಡುಗಿಯನ್ನು ಕರೆದು, ಎಲ್ಲಿ ಕೂತು ಪ್ರಶ್ನೆ ಕೇಳಿದೆಯೆಂದು ವಿಚಾರಿಸಿದರು.

“ನಡುಮನೇಲಿ ಕೂರಿಸ್ಕೊಂಡ್ರೆ ಹೆಂಗಸರ ಕೆಲಸ ಕೆಡುತ್ತೆ, ಮೇಷ್ಟ್ರೇ. ಅದಕ್ಕೇ ಅಡುಗೆಮನೆಗೇ ಹೋಗಿ ಬಟಾಣಿ ಬಿಡಿಸ್ತಾ ಕೇಳ್ದೆ. ಉಗುರು ನೋಡಿ, ಇನ್ನೂ ಹಸಿರು. ಮನೇಲಿ ಒಂದು ಲೋಟ ಎತ್ತಿಡಲ್ಲ ಅಂತ ನಮ್ಮಮ್ಮ ಬೈತಾರೆ, ಊರವರ ಬಟಾಣಿಯೆಲ್ಲ ನಾನೇ ಬಿಡಿಸಿದ್ದೀನಿ.”

ಅಂಕಿಅಂಶ ನೋಡುವ ಹೆಂಗಸು ಈ ಮಾತು ಕೇಳಿ ತಲೆಯೆತ್ತಿದಳು. ನಮೂನೆಯ ಕೊನೆಯಲ್ಲಿ ಒಂದು ಸಣ್ಣ ಕಲಮಿತ್ತು: ‘ಕೇಳುವಾಗ ಹತ್ತಿರ ಯಾರಿದ್ದರು?’ ಎಲ್ಲರೂ ಅದನ್ನು ತುಂಬುತ್ತಿದ್ದರು, ಯಾರೂ ಓದುತ್ತಿರಲಿಲ್ಲ. ಅವಳು ಒಂಬತ್ತು ಸಾವಿರ ಹೆಂಗಸರ ಉತ್ತರಗಳನ್ನು ಮೊದಲು ವಯಸ್ಸಿನ ಪ್ರಕಾರ ವಿಂಗಡಿಸಿದಳು. ಕಂಪ್ಯೂಟರ್ ಪರದೆಯ ಮೇಲೆ, ಹೌದೆಂದವರ ಪ್ರಮಾಣ ತೋರಿಸುವ ಕಂಬಗಳು ಹೆಚ್ಚುಕಡಿಮೆ ಸಮನಾಗಿ ನಿಂತವು. ಓದಿನ ಪ್ರಕಾರ, ವರಮಾನದ ಪ್ರಕಾರ ನೋಡಿದರೂ ಬೆರಳಗಲದ ವ್ಯತ್ಯಾಸ. ಆಮೇಲೆ ಆ ಕೊನೆಯ ಕಲಮಿನ ಪ್ರಕಾರ ವಿಂಗಡಿಸಿದಳು. ಮನೆಯವರ ಎದುರು ಉತ್ತರಿಸಿದವರ ಕಂಬ ನೆಲಕ್ಕೆ ಅಂಟಿಕೊಂಡಿತ್ತು. ಒಂಟಿಯಾಗಿ ಸಿಕ್ಕವರದು ಪರದೆಯ ಅರ್ಧವನ್ನೂ ದಾಟಿ ನಿಂತಿತು.

“ಯಂತ್ರ ಕೆಟ್ಟಿದೆಯಾ?” ಎಂದರು ಮೇಷ್ಟರು.

“ಇಲ್ಲ, ಮೂರು ಸಲ ಮಾಡ್ದೆ. ಇವಳ ಕಟ್ಟು ಬಿಟ್ಟು ನೋಡಿದ್ರೂ ಹೀಗೇ ಬರುತ್ತೆ. ಆದ್ರೆ ಹನ್ನೆರಡಕ್ಕೆ ಹನ್ನೆರಡೂ ಇಲ್ಲ ಅಂತ ನೀವೇ ಬರ್ಕೊಂಡು ಬಂದಿದ್ದೀರಿ. ಮೇಲಿನವರು ನೋಡೋದು ಅದನ್ನೇ.”

ಮೇಷ್ಟರು ಪರದೆಯ ಹತ್ತಿರಕ್ಕೆ ಬಾಗಿದರು. ದಿನವೂ ಮುಂಜಾನೆ ದೇವರ ಮುಂದೆ ಕಣ್ಣು ಮುಚ್ಚಿ ನಿಲ್ಲುವವರು ಅವರು. ಅಲ್ಲಿ ಎಂದೋ ಒಮ್ಮೆ ಆಗುವಂತೆ ಈಗ ಮೈ ನವಿರೆದ್ದಿತು. ಊರಿನ ಉದ್ದಗಲಕ್ಕೂ, ಒಂದೊಂದು ಒಲೆಯ ಮುಂದೆಯೂ, ನಡುಮನೆಯವರು ಎಂದೂ ಕೇಳದ ಒಂದು ಮಾತಿತ್ತು. ಅದು ದೇವರಿಗೆ ಗೊತ್ತಿತ್ತು, ಬಟಾಣಿ ಬಿಡಿಸಿದ ಈ ಹುಡುಗಿಗೆ ಗೊತ್ತಿತ್ತು. ತಾವು ನಲವತ್ತು ವರ್ಷ ಹೆಂಡತಿಯನ್ನು ಏನು ಕೇಳಿದರೂ ತಮ್ಮ ತಾಯಿಯ ಎದುರೇ ಕೇಳಿದ್ದರು. “ನೀವು ಹೇಳಿದ ಹಾಗೆ” ಎನ್ನುತ್ತಿದ್ದಳು. ಅದನ್ನೇ ಒಪ್ಪಿಗೆಯೆಂದು ತಿಳಿದಿದ್ದರು. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು.

ಬರೆದ ವರದಿಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. “ತಪ್ಪು ನನ್ನ ತಪಾಸಣೆಯದು. ಹನ್ನೆರಡೂ ಮನೆಗೆ ಮತ್ತೆ ಹೋಗ್ತೀನಿ.”

ಮರುದಿನ ಆ ಕೊನೆಯ ಮನೆಯಿಂದಲೇ ಶುರುಮಾಡಿದರು. ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದರು. “ನಿನ್ನೆ ನಾನು ಕೇಳಿದ ಕ್ರಮ ಸರಿಯಿರಲಿಲ್ಲ, ಅಮ್ಮ. ಸೊಸೆಯನ್ನ ಅವರು ಕೆಲಸ ಮಾಡೋ ಕಡೆಯೇ ಕೇಳ್ಕೊಂಡು ಹೋಗ್ತೀನಿ.”

“ಹೋಗಿ, ಹೋಗಿ,” ಎಂದರು ಅತ್ತೆ. ಮಗನ ಕಡೆ ತಿರುಗಿ, “ವಯಸ್ಸಾಯ್ತು, ಪಾಪ,” ಎಂದರು.

ಅಡುಗೆಮನೆಯಲ್ಲಿ ಒಬ್ಬರು ತಿರುಗುವಷ್ಟೇ ಜಾಗ. ಮೇಷ್ಟರು ಮಣೆ ಎಳೆದುಕೊಂಡು ಕೂತರು. ಮುದ್ರಿಸಿದ ಪ್ರಶ್ನೆಯನ್ನು ಒಂದಕ್ಷರವೂ ಬದಲಿಸದೆ, ದನಿ ಮಾತ್ರ ತಗ್ಗಿಸಿ ಓದಿದರು. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಪಾತ್ರೆಗಳ ಮೇಲೆ ಧೋ ಎಂದು ಬಿತ್ತು.

ಆ ಸದ್ದಿನ ಕೆಳಗೆ ಅವಳು, “ಒಪ್ತೀನಿ,” ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ತೊಳೆದಾಗಿದ್ದ ಒಂದು ತಟ್ಟೆಯನ್ನೇ ಮತ್ತೆ ಮತ್ತೆ ನೀರಿಗೆ ಹಿಡಿಯುತ್ತ, ಬೆನ್ನು ತಿರುಗಿಸಿಯೇ, ಮೆಲ್ಲಗೆ ಹೇಳುತ್ತ ಹೋದಳು. ನಮೂನೆಯಲ್ಲಿ ಅಷ್ಟಕ್ಕೆ ಜಾಗವಿರಲಿಲ್ಲ. ಮೇಷ್ಟರು ಪೆನ್ನು ಕೆಳಗಿಟ್ಟು, ಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.