ಅರ್ಧ ಗಂಟೆಯ ಆಪರೇಷನ್

ಅಂಗಿಯ ತೋಳಿನ ಹೊಲಿಗೆಯನ್ನು ತಮ್ಮ ಬಿಚ್ಚುತ್ತಿದ್ದ. ಒಳಕೋಣೆಯಲ್ಲಿ ಅಣ್ಣನ ಹೆಣವಿತ್ತು. ಅದಕ್ಕೆ ತೊಡಿಸಬೇಕಾದ ಬಿಳಿ ಅಂಗಿಯ ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಗಿಡ್ಡ. ನಲವತ್ತೈದು ವರ್ಷ ದರ್ಜಿಯಾಗಿದ್ದ ಅಣ್ಣ ತನಗಾಗಿ ಹೊಲಿದುಕೊಂಡ ಕೊನೆಯ ಅಂಗಿ ಅದು.

"ಅದನ್ನ ಮುಟ್ಟಬೇಡ," ಎಂದಳು ಅತ್ತಿಗೆ, ಬಾಗಿಲಲ್ಲಿ ನಿಂತು. "ಇದ್ದಾಗ ಬಿಚ್ಚಿದ್ದು ಸಾಲದಾ?"

ತಮ್ಮನ ಕೈ ನಿಂತಿತು.

ಹೊರಗೆ ಸೇರಿದವರೆಲ್ಲ ಅಂಗಡಿಯ ಗಿರಾಕಿಗಳೇ. ಅಣ್ಣ ತಮಗೆ ಟೇಪು ಹಿಡಿದದ್ದೇ ಇಲ್ಲ, ಕಣ್ಣಲ್ಲೇ ಅಳೆಯುತ್ತಿದ್ದ ಎಂದು ಮುದಿ ಮೇಷ್ಟ್ರು ಪಕ್ಕದವರಿಗೆ ಹೇಳುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ, ಊಟ ಜೋರಾಗಿದೆ ಮೇಷ್ಟ್ರೇ, ಅರ್ಧ ಇಂಚು ಬಿಡಬೇಕು ಎನ್ನುತ್ತಿದ್ದನಂತೆ. ಹಾಗಾದರೆ ಈಚೆಗೆ ಅಂಗಡಿಯಲ್ಲಿ ಯಾಕೆ ಕಾಣಿಸುತ್ತಿರಲಿಲ್ಲ ಎಂದು ಯಾರೋ ಕೇಳಿದರು. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು.

*

ಎಂಟು ತಿಂಗಳ ಹಿಂದೆ ಅಣ್ಣನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಬೇಡವೆಂದವನನ್ನು ಕಾಡಿ ಒಪ್ಪಿಸಿದವಳು ಅತ್ತಿಗೆ. ಅರ್ಧ ಗಂಟೆಯ ಕೆಲಸ ಎಂದರು ಡಾಕ್ಟರು. ಅರ್ಧ ಗಂಟೆಯಲ್ಲೇ ಮುಗಿಯಿತು. ಮೂರನೆಯ ದಿನ ಮನೆಗೆ ಬಂದವನು ನಡುಮನೆಯಲ್ಲಿ ನಿಂತು, ಬಚ್ಚಲು ಯಾವ ಕಡೆ ಎಂದು ಕೇಳಿದ. ಮತ್ತಿನ ಮದ್ದು ಇನ್ನೂ ಇಳಿದಿಲ್ಲವೆಂದು ಎಲ್ಲರೂ ನಕ್ಕರು. ಅವನೂ ನಕ್ಕ.

ತಿಂಗಳಾದರೂ ಅದು ಇಳಿಯಲಿಲ್ಲ. ಟೇಪು ಮಡಿಸುವಷ್ಟರಲ್ಲಿ ಅಳತೆ ಮರೆತುಹೋಗುತ್ತಿತ್ತು. ವಯಸ್ಸಾದ ಕೆಲವರಿಗೆ ಹೀಗಾಗುವುದುಂಟು, ಸರಿಹೋಗುತ್ತದೆ ಎಂದರು ಡಾಕ್ಟರು. ಯಾವಾಗ ಎಂದು ಅತ್ತಿಗೆ ಕೇಳಿದ್ದಕ್ಕೆ, ಹೇಳಲಾಗದು ಎಂದರು.

ಅಣ್ಣ ಊಟಕ್ಕೆ ಹೋದಾಗಲೆಲ್ಲ, ಅದೇ ಅಂಗಡಿಯಲ್ಲಿ ಹೊಲಿಯುತ್ತಿದ್ದ ತಮ್ಮ ಅವನ ತಪ್ಪು ಹೊಲಿಗೆ ಬಿಚ್ಚಿ, ಸರಿಮಾಡಿ, ಇದ್ದಲ್ಲೇ ಇಡುತ್ತಿದ್ದ. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಕನ್ನಡಕ ಮರೆತ ಅಣ್ಣ ಅರ್ಧ ದಾರಿಯಿಂದ ವಾಪಸು ಬಂದ. ತಮ್ಮನ ತೊಡೆಯ ಮೇಲೆ ಮೇಷ್ಟ್ರ ಕೋಟು ಬಿಚ್ಚಿಕೊಂಡು ಬಿದ್ದಿತ್ತು.

ಅಣ್ಣ ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕೂತ.

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತು."

"ಉಳಿದೋರಿಗೆ?"

"ಅವರಿಗೂ," ಎಂದ ತಮ್ಮ.

"ನನ್ನ ಆ ಆಸ್ಪತ್ರೆಗೆ ಒಂದ್ಸಲ ಕರ್ಕೊಂಡು ಹೋಗೋ," ಎಂದ ಅಣ್ಣ. "ಏನೋ ಅಲ್ಲೇ ಬಿಟ್ಟು ಬಂದಿದೀನಿ. ಕೇಳಿದ್ರೆ ಕೊಡ್ತಾರೆ."

ಆಮೇಲೆ ಅವನು ಅಂಗಡಿಗೆ ಬರಲಿಲ್ಲ. ಯಾರನ್ನೂ ಹತ್ತಿರ ಸೇರಿಸದೆ, ಮನೆಯಲ್ಲೇ ಆ ಬಿಳಿ ಅಂಗಿಯನ್ನು ಮೂರು ತಿಂಗಳು ಹೊಲಿದ. ಆಸ್ಪತ್ರೆಗೆ ಹೋಗೋಣವೆಂದು ದಿನವೂ ಕೇಳುತ್ತಿದ್ದ. ನಾಳೆ ಎಂದು ಅತ್ತಿಗೆ, ತಮ್ಮ ಇಬ್ಬರೂ ದಿನವೂ ಸಾಗಹಾಕುತ್ತಿದ್ದರು. ನಿನ್ನೆ ಬೆಳಿಗ್ಗೆ ಅತ್ತಿಗೆ ಸ್ನಾನಕ್ಕೆ ಹೋದಾಗ ಒಬ್ಬನೇ ಹೊರಬಿದ್ದ. ದಾರಿ ಕೇಳುತ್ತ ಕೇಳುತ್ತ, ಹೇಗೋ ಆಸ್ಪತ್ರೆ ಮುಟ್ಟಿದ. ಅದರ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

*

ಹೆಣದ ಮೈ ಒರೆಸಲು ಅತ್ತಿಗೆ, ತಮ್ಮ ಇಬ್ಬರೂ ಒಳಗೆ ಹೋದರು. ಅತ್ತಿಗೆ ಒದ್ದೆ ಬಟ್ಟೆ ಹಿಂಡಿದಳು.

"ಚೆನ್ನಾಗೇ ಇದ್ರು," ಎಂದಳು. "ನಾನೇ ಅಲ್ವಾ ಎಳ್ಕೊಂಡು ಹೋಗಿದ್ದು."

ತಮ್ಮ ಹೊದಿಕೆ ಸರಿಸಿದ. ತೊಡೆಸಂದಿಯ ಮೇಲೆ ಆಪರೇಷನ್ನಿನ ಗುರುತಿತ್ತು, ಬೆರಳುದ್ದದ ತೆಳು ಗೆರೆ. ಬಾಗಿ ನೋಡಿದ. ಗಿರಾಕಿಗೆ ಕೊಡುವ ಮುನ್ನ ಬಟ್ಟೆಯನ್ನು ನೋಡುವಂತೆ ಹೆಬ್ಬೆರಳನ್ನು ಅದರ ಉದ್ದಕ್ಕೂ ಎಳೆದ. ಎಲ್ಲೂ ಸುಕ್ಕಿರಲಿಲ್ಲ, ಡಾಕ್ಟರ ಹೊಲಿಗೆ ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ.