ಎರಡಡಿ ನೆರಳು

"ಕೈ ತೆಗಿಯೋ ಬೇವರ್ಸಿ! ಗಾಜಿಗೆ ನಿನ್ನ ಬೆವರು ಹತ್ತಿದ್ರೆ ಒರೆಸೋಕೆ ನಿಮ್ಮಪ್ಪ ಬರ್ತಾನಾ?"

ಅಂಗಡಿ ಯಜಮಾನ ಕೆಳಗಿನಿಂದ ಕಿರುಚಿದ. ನನ್ನ ಗಂಡ ಕೈ ತೆಗೆದ. ಏಣಿಯ ಮೇಲೆ ನಿಂತು, ಏನನ್ನೂ ಹಿಡಿಯದೆ ಅಳತೆ ತೆಗೆಯಬೇಕೆಂದರೆ ರೆಕ್ಕೆ ಇರಬೇಕು. ಅವನು ಪೈಪಿಗೆ ವೆಲ್ಡಿಂಗ್ ಹೊಡೆಯುವವನು, ನಾನು ಟಾರ್ಪಾಲು ಹೊಲಿಯುವವಳು. ಅಂಗಡಿಗಳ ಮುಂದೆ ಶೇಡು ಕಟ್ಟುವುದೇ ನಮ್ಮ ಹೊಟ್ಟೆಪಾಡು. ಈ ಅಂಗಡಿ ಬೂಟಿನದು. ಕಿಟಕಿಯಲ್ಲಿಟ್ಟ ಬೂಟುಗಳು ಬಿಸಿಲಿಗೆ ಬಣ್ಣ ಬಿಡುತ್ತಿವೆ ಎಂದು ಯಜಮಾನನಿಗೆ ಸಂಕಟ.

ಅದೇ ಬಿಸಿಲಲ್ಲಿ, ಮೆಟ್ಟಿಲಿಗೆ ಹೊಂದಿಕೊಂಡ ಫುಟ್‌ಪಾತಿನ ಮೇಲೆ, ನನ್ನ ಅತ್ತೆ ಕೂತು ಚಪ್ಪಲಿ ಹೊಲಿಯುತ್ತಾಳೆ. ಈ ಅಂಗಡಿ ಹುಟ್ಟುವ ಮೊದಲಿನಿಂದಲೂ ಅವಳ ಜಾಗ ಅದೇ. ಹೋದ ವಾರ ತಲೆ ಸುತ್ತಿ ಬಿದ್ದಿದ್ದಳು. ಇನ್ನೊಂದು ಸಲ ಹೀಗೆ ಬಿದ್ದರೆ ಉಳಿಯುವುದು ಕಷ್ಟ ಅಂದಿದ್ದರು ಡಾಕ್ಟರು. ಮನೆಯಲ್ಲಿರು ಅಂದರೆ ನಮಗೇ ಬೈಗುಳ. ನಾವು ಅವಳ ಮಗ, ಸೊಸೆ ಎಂಬುದು ಯಜಮಾನನಿಗೆ ಗೊತ್ತಿರಲಿಲ್ಲ.

"ಶೇಡು ನನ್ನ ಮೆಟ್ಟಿಲ ಅಂಚಿಗೆ ನಿಲ್ಬೇಕು," ಅಂದ ಅವನು. "ಆ ಮುದುಕಿ ಮೇಲೆ ಒಂದಿಂಚು ನೆರಳು ಬಿತ್ತೋ, ನಿಮ್ಮ ಚರ್ಮ ಸುಲೀತೀನಿ. ನೆರಳು ಸಿಕ್ರೆ ಬೇರು ಬಿಟ್ಬಿಡ್ತಾಳೆ. ಹಳೇ ಬೂಟಿಗೆ ಹೊಲಿಗೆ ಹಾಕಿ ಹಾಕಿ ನನ್ನ ವ್ಯಾಪಾರ ಕೆಡಿಸಿದಾಳೆ."

"ನಿನ್ನ ಬೂಟು ಮೂರು ವಾರಕ್ಕೇ ಬಾಯಿ ಬಿಡತ್ತಲ್ಲಪ್ಪಾ, ಹೊಲೀದೆ ಏನ್ಮಾಡ್ಲಿ?" ಅಂದಳು ಅತ್ತೆ, ತಲೆ ಎತ್ತದೆ.

"ಮುಚ್ಚೇ ಬಾಯಿ!" ಯಜಮಾನ ಲೋಟದಲ್ಲಿದ್ದ ನೀರನ್ನು ಅವಳ ಪೆಟ್ಟಿಗೆಗೆ ಎರಚಿದ. ಅತ್ತೆ ಮೊಳೆಗಳನ್ನು ಒಂದೊಂದಾಗಿ ಒರೆಸಿಟ್ಟಳು.

ಈಗ ನಮ್ಮ ಟೇಪಿನ ವಿಷಯ ಹೇಳಬೇಕು. ಅದು ಬಟ್ಟೆಯ ಟೇಪು. ಅದರ ಮೊದಲ ಎರಡು ಅಡಿಯನ್ನು ಬೀದಿನಾಯಿ ಕಚ್ಚಿ ಹರಿದು ವರ್ಷವಾಯಿತು. ಬಂದ ಅಂಕಿಯಲ್ಲಿ ಎರಡು ಕಳೆದರೆ ಆಯಿತಲ್ಲ ಎಂದು ಹೊಸದು ತರಲಿಲ್ಲ. ನಾನು ಓದುತ್ತೇನೆ, ಅವನು ಕಳೆಯುತ್ತಾನೆ. ಹೀಗೇ ಅರ್ಧ ಊರಿಗೆ ನೆರಳು ಕೊಟ್ಟಿದ್ದೇವೆ.

ಅಗಲ ಹಾಗೇ ತೆಗೆದಾಗಿತ್ತು. ಶೇಡು ಗೋಡೆಯಿಂದ ಎಷ್ಟು ಮುಂದೆ ಚಾಚಬೇಕು ಎಂದು ಅಳೆಯುವಾಗ ಯಜಮಾನ ಟೇಪಿನ ಸುರುಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡ.

"ಅಳತೇಲಿ ಕದಿಯೋದೇ ನಿಮ್ಮಂಥೋರ ಕಸುಬು. ನಾನೇ ಓದ್ತೀನಿ. ಲೋ, ಇಳಿದು ಬಂದು ತುದೀನ ಗೋಡೆ ಬುಡಕ್ಕೆ ಒತ್ತಿ ಹಿಡಿ."

ಗಂಡ ಕುಕ್ಕುರುಗಾಲಲ್ಲಿ ಕೂತು ಹಿಡಿದ. ಯಜಮಾನ ಮೆಟ್ಟಿಲ ಅಂಚಿನಲ್ಲಿ ಬಗ್ಗಿ ಓದಿದ. "ಐದಡಿ!"

"ಯಜಮಾನ್ರೇ, ಅದ್ರಲ್ಲಿ ಎರಡು..."

"ಐದು ಅಂದ್ರೆ ಐದು!"

"ಅಲ್ಲ, ಈ ಟೇಪು..."

"ಅಕ್ಷರ ಬರದ ನನ್ಮಗನೇ, ನನಗೆ ಲೆಕ್ಕ ಕಲಿಸ್ತೀಯಾ?"

ನನ್ನ ಗಂಡನಿಗೆ ಪ್ರಾಮಾಣಿಕತೆ ಬಿಕ್ಕಳಿಕೆ ಇದ್ದ ಹಾಗೆ, ತಡೆಯಲಾಗದು. ಮೂರನೆಯ ಸಲ ಬಾಯಿ ತೆರೆದ. ನಾನು ಹಿಮ್ಮಡಿಯಿಂದ ಅವನ ಕಾಲ್ಬೆರಳನ್ನು ತುಳಿದೆ. ತೆರೆದ ಬಾಯಿಂದ "ಅಯ್ಯೋ" ಮಾತ್ರ ಬಂತು.

"ಐದೇ ಯಜಮಾನ್ರೇ," ಅಂದೆ ನಾನು. "ನಿಮ್ಮ ಕೈಯಾರೆ ಬರೆದು ಸಹಿ ಹಾಕ್ಕೊಡಿ. ನಾವು ದಡ್ಡರು, ಆಮೇಲೆ ತಪ್ಪಾಗ್ಬಾರ್ದು."

ಭಾರೀ ಗತ್ತಿನಿಂದ ಬರೆದುಕೊಟ್ಟ.

ಮುಂದಿನ ವಾರ ಶೇಡು ಕಟ್ಟಿದೆವು. ನಡುಮಧ್ಯಾಹ್ನ ನೆರಳು ಮೆಟ್ಟಿಲು ದಾಟಿ, ಎರಡಡಿ ಮುಂದೆ ಹೋಗಿ, ಅತ್ತೆಯ ತಲೆಯ ಮೇಲೂ ಪೆಟ್ಟಿಗೆಯ ಮೇಲೂ ಬಿತ್ತು. ಅವಳು ತಲೆಗೆ ಹಾಕಿದ್ದ ಒದ್ದೆ ಬಟ್ಟೆ ತೆಗೆದಳು. ನನಗೆ ಅಳು ಬಂತು, ನಗುವೂ ಬಂತು.

"ಕತ್ತರಿಸ್ರೋ ಅದನ್ನ!" ಯಜಮಾನ ಕುಣಿದಾಡಿದ. ನಾನು ಚೀಟಿ ಬಿಚ್ಚಿ ಹಿಡಿದೆ. ಗಿರಾಕಿಗಳು ಕತ್ತು ಚಾಚಿ ಓದಿದರು: ಐದಡಿ, ಕೆಳಗೆ ಸಹಿ. ಒಬ್ಬಳು ಕಿಸಕ್ಕನೆ ನಕ್ಕಳು. ಅವನು ಒಳಗೆ ಹೋಗಿ ಕತ್ತರಿ, ಸ್ಟೂಲು ಎರಡನ್ನೂ ತಂದ. ಮುದುಕಿಯ ತಲೆಯ ಮೇಲಿನ ತುಂಡನ್ನಾದರೂ ಕತ್ತರಿಸಿಯೇ ಸಿದ್ಧ ಎಂಬ ಹಟ.

"ಏಳೇ! ಸ್ಟೂಲ್ ಇಡ್ಬೇಕು."

"ಅಮ್ಮಾ, ಏಳ್ಬೇಡ," ಅಂದ ನನ್ನ ಗಂಡ. ಇಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನೂ ಕೇಳಿರಲಿಲ್ಲ.

"ಅಮ್ಮಾನಾ?" ಯಜಮಾನ ನಮ್ಮ ಮೂವರ ಮುಖವನ್ನೂ ನೋಡಿದ.

"ಹೂಂ ಕಣಪ್ಪಾ, ನಾನೇ ಹೆತ್ತಿದ್ದು," ಅಂದಳು ಅತ್ತೆ. "ಆ ಸ್ಟೂಲ್‌ನ ಬಿಸಿಲಲ್ಲಿ ಇಟ್ಕೋ. ಅಲ್ಲಿ ಜಾಗ ಬೇಕಾದಷ್ಟಿದೆ."

ಅವನು ಹಾಗೇ ಮಾಡಿದ. ಅತ್ತೆಯ ತಲೆಯ ಮೇಲಿನ ತುಂಡಿಗೆ ಅಲ್ಲಿಂದ ಕತ್ತರಿ ಎಟುಕಲಿಲ್ಲ. ಬಿಸಿಲಲ್ಲಿ, ಸ್ಟೂಲಿನ ಮೇಲೆ, ಬೆವರು ಸುರಿಸುತ್ತಾ ಕೈ ಚಾಚಿಕೊಂಡು ನಿಂತೇ ಇದ್ದ. ಅತ್ತೆ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಯೊಂದನ್ನು ತೆಗೆದು, ಅವನದೇ ಅಂಗಡಿಯ ಬೂಟಿಗೆ ಹೊಡೆಯತೊಡಗಿದಳು.