ಮಾಯಾ ಕಲಿತ ಸುಳ್ಳು

ಖಾನಾಪುರದ ಸ್ಟೇಶನ್ ರೋಡಿನಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಹನ್ನೆರಡು ಹೆಂಗಸರು ಕೂತು ಆರು ವರ್ಷದಿಂದ ಪುಣೆಯ ಪಂಪ್ ಕಂಪನಿಯೊಂದರ ಹೆಸರಿನಲ್ಲಿ ಫೋನ್ ಎತ್ತುತ್ತಿದ್ದರು. ತಮ್ಮ ಪಂಪು ಕೆಟ್ಟಿತೆಂದು ಫೋನ್ ಮಾಡುವ ರೈತರು ಇವರನ್ನು ಪುಣೆಯವರೆಂದೇ ತಿಳಿದಿದ್ದರು. ಬೈಲಹೊಂಗಲದ ಒಬ್ಬ ಮುದುಕನಂತೂ, ಪುಣೆಯಲ್ಲಿ ಕೂತು ಇಷ್ಟು ಚಲೋ ಕನ್ನಡ ಕಲಿತದ್ದಕ್ಕೆ ಈ ಹನ್ನೆರಡರಲ್ಲಿ ಒಬ್ಬಳಾದ ಶಿವಬಸವ್ವನನ್ನು ಹೊಗಳಿ, ನಮ್ಮ ಕಡೆ ಬಂದರೆ ಊಟಕ್ಕೆ ಬರಬೇಕೆಂದು ಕರೆದಿದ್ದ. ಶಿವಬಸವ್ವ ಆಗಲಿ ಅಂದಿದ್ದಳು. ಅವಳ ತವರು ಆ ಮುದುಕನ ಊರಿನಿಂದ ಮೂರು ಮೈಲಿ.

ಈ ಹನ್ನೆರಡು ಜನರ ಮೇಲ್ವಿಚಾರಕಿ ಕುಮುದಿನಿ. ಮೂವತ್ತೆಂಟು ವಯಸ್ಸು; ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಇವರಿಗೆ ಸಂಬಳ ಕೊಡುವ ಸಂಸ್ಥೆಯ ಮಾಲೀಕ ಶಶಿಧರ ಬೆಳಗಾವಿಯ ಉದ್ಯಮಬಾಗದಲ್ಲಿ ಆಫೀಸು ಇಟ್ಟಿದ್ದ. ಬೇರೆಯವರ ಫೋನು ಎತ್ತುವುದು, ಬೇರೆಯವರ ಫಾರ್ಮು ತುಂಬುವುದು ಅವನ ವ್ಯಾಪಾರ. ಎತ್ತಿದ ಫೋನಿಗೆ ಇಷ್ಟು ಅಂತ ಕಂಪನಿಗಳು ಕೊಡುತ್ತಿದ್ದವು.

ನವೆಂಬರ್ ಕೊನೆಗೆ ಶಶಿಧರ ಖಾನಾಪುರಕ್ಕೆ ಬಂದು ಸುತ್ತಿ ಬಳಸದೆ ವಿಷಯ ಹೇಳಿದ. ಪುಣೆಯವರು ಒಂದು ಯಂತ್ರಕ್ಕೆ ಮಾತು ಕಲಿಸಿದ್ದಾರೆ. ಹೆಸರು ಮಾಯಾ. ಡಿಸೆಂಬರಿನ ಮೊದಲ ಹದಿನೈದು ದಿನ ಬೆಳಗಾವಿ ಜಿಲ್ಲೆಯ ಅರ್ಧ ಫೋನು ಮಾಯಾಳಿಗೆ ಹೋಗುತ್ತವೆ, ಅರ್ಧ ನಿಮಗೆ. ಹದಿನಾರನೆಯ ದಿನ ಎರಡನ್ನೂ ಹೋಲಿಸಿ ನೋಡುತ್ತಾರೆ. ಮಾಯಾ ಗೆದ್ದರೆ ಈ ಅಂತಸ್ತಿಗೆ ಬೀಗ.

ಆ ಮಧ್ಯಾಹ್ನವೇ ಶಿವಬಸವ್ವ ಶಶಿಧರ ಕೊಟ್ಟ ನಂಬರಿಗೆ ತನ್ನ ಸ್ವಂತ ಫೋನಿನಿಂದ ಹಚ್ಚಿ ಮಾಯಾಳನ್ನು ಮಾತಾಡಿಸಿ ನೋಡಿದಳು. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ, ಕೊನೆಗೆ ಎರಡನ್ನೂ ಕಲಸಿ. ಮಾಯಾ ಎಲ್ಲಿಯೂ ಎಡವಲಿಲ್ಲ. ಫೋನು ಕೆಳಗಿಟ್ಟು ಶಿವಬಸವ್ವ ತೀರ್ಪು ಕೊಟ್ಟಳು: “ನಮ್ಮ ಸೊಸಿಗಿಂತ ಚಲೋ ಐತಿ. ಎದುರುತ್ತರ ಕೊಡೂದಿಲ್ಲ, ಫೋನ್ ಅರ್ಧಕ್ಕ ಇಡೂದಿಲ್ಲ.”

ಎಲ್ಲರೂ ನಕ್ಕರು, ಆದರೆ ಆ ದಿನ ಡಬ್ಬಿಯ ಊಟ ಯಾರೂ ಹಂಚಿಕೊಳ್ಳಲಿಲ್ಲ.

ಕುಮುದಿನಿಗೆ ಮಾತ್ರ ಭಯ ಆಗಲಿಲ್ಲ. ಡಿಸೆಂಬರ್ ಎಂಥ ತಿಂಗಳೆಂದು ಪುಣೆಯವರಿಗೆ ಗೊತ್ತಿಲ್ಲ, ಅವಳಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಜಾಂಬೋಟಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಹಳ್ಳದ ದಂಡೆಯ ಪಂಪುಗಳು ಐದಾರು ತಿಂಗಳು ಹಾಗೇ ಮಲಗಿರುತ್ತವೆ. ಭತ್ತ ಕೊಯ್ದು, ಮೆಣಸಿನಕಾಯಿಗೋ ಕಬ್ಬಿಗೋ ನೀರು ಬೇಕಾದಾಗ ರೈತ ಮೊದಲ ಸಲ ಸ್ವಿಚ್ ಒತ್ತುತ್ತಾನೆ. ಒಳಗೆ ತುಕ್ಕು ಹಿಡಿದು ತಿರುಗುವ ಭಾಗ ಬಿಗಿದುಕೊಂಡಿರುತ್ತದೆ. ಆಗ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಇನ್ನೆರಡು ಸಲ ಸ್ವಿಚ್ ಒತ್ತಿದರೆ ಒಳಗಿನ ತಂತಿಯ ಸುರುಳಿಯೇ ಸುಟ್ಟುಹೋಗುತ್ತದೆ. ಅದಕ್ಕೆ ಖಾನಾಪುರದ ಹೆಂಗಸರು ಫೋನು ಎತ್ತಿದ ಕೂಡಲೆ ಕೇಳುತ್ತಿದ್ದದ್ದು ಒಂದೇ ಮಾತು: ಗುಂಯ್ ಅಂತೈತೋ, ಸುಮ್ಮನ ಐತೋ? ಗುಂಯ್ ಅಂದರೆ, ಮೊದಲು ಕರೆಂಟು ಬಂದ್ ಮಾಡಿ, ಹಿಂದಿನ ಫ್ಯಾನು ಕೈಯಿಂದ ತಿರುವಿ ಸಡಿಲ ಮಾಡಿರಿ ಅನ್ನುತ್ತಿದ್ದರು. ಅರ್ಧಕ್ಕರ್ಧ ಪಂಪುಗಳು ಅಷ್ಟಕ್ಕೇ ಚಾಲೂ ಆಗುತ್ತಿದ್ದವು.

ಒಂಬತ್ತನೆಯ ದಿನ ಅವಳು ಮಾಯಾಳ ಕರೆಗಳನ್ನು ಕೇಳಿಸಿಕೊಳ್ಳಲು ಕೂತಳು. ಎರಡೂ ಕಡೆಯವರಿಗೆ ಎಲ್ಲ ಕರೆಗಳೂ ಕೇಳುವಂತೆ ಪುಣೆಯವರು ತೆರೆದಿಟ್ಟಿದ್ದರು. ಜಾಂಬೋಟಿಯ ಹತ್ತಿರದ ಮುತ್ತಪ್ಪ ಎಂಬ ರೈತನ ಕರೆ. ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂತ ಅವನು ಹೇಳಿದ. ನಿಮ್ಮ ಭಾಗದಲ್ಲಿ ವೋಲ್ಟೇಜ್ ಕಡಿಮೆ ಇರುವ ಸಾಧ್ಯತೆ ಹೆಚ್ಚು, ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ಎಂದು ಮಾಯಾ ಜೇನಿನಂಥ ದನಿಯಲ್ಲಿ ಹೇಳಿದಳು. ಹತ್ತು ನಿಮಿಷದ ಮೇಲೆ ಅವನು ಮತ್ತೆ ಮಾಡಿದ. ಮತ್ತೆ ವೋಲ್ಟೇಜ್. ಮೂರನೆಯ ಕರೆಯಲ್ಲಿ ಮುತ್ತಪ್ಪನ ದನಿ ಇಳಿದಿತ್ತು.

“ಇದು ವೋಲ್ಟೇಜಿನ ತ್ರಾಸ ಇರಲಿಕ್ಕಿಲ್ಲವಾ ತಂಗಿ. ಸುಟ್ಟ ವಾಸನಿ ಬರಾಕತ್ತೈತಿ.”

ಕುಮುದಿನಿ ಇಂಥವೇ ಇನ್ನೂ ಆರು ಕರೆ ಕೇಳಿದಳು. ಮುತ್ತಪ್ಪನದೂ ಸೇರಿ ನಾಲ್ಕು ಮೋಟಾರು ಸುಟ್ಟಿದ್ದವು. ಮೊದಲಿಗೆ ಅವಳಿಗೆ ಬಂದದ್ದು ಗೆಲುವಿನ ಹುರುಪು. ಸುಳ್ಳು ಯಾಕೆ ಹೇಳಬೇಕು? ಆಮೇಲೆ ಒಂದು ಪ್ರಶ್ನೆ ಬಂತು. ಇಷ್ಟು ಜಾಣ ಯಂತ್ರಕ್ಕೆ ಇಂಥ ದಡ್ಡ ಉತ್ತರ ಕಲಿಸಿದವರು ಯಾರು?

ಕಂಪನಿ ಮಾಯಾಳಿಗೆ ಓದಿಸಿದ್ದು ಖಾನಾಪುರದವರು ಆರು ವರ್ಷ ತುಂಬಿದ ಫಾರ್ಮುಗಳನ್ನು. ಕುಮುದಿನಿ ಅವನ್ನು ತೆರೆದು ನೋಡಿದಳು. ನೂರಕ್ಕೆ ಎಂಬತ್ತೊಂದು ಫಾರ್ಮುಗಳಲ್ಲಿ ಪಂಪು ಕೆಟ್ಟ ಕಾರಣ: ವೋಲ್ಟೇಜ್ ಕಡಿಮೆ.

ಈ ಸುಳ್ಳನ್ನು ಹುಟ್ಟಿಸಿದವಳು ತಾನೇ.

ಮೊದಲ ವರ್ಷದ ಮಾತು. ಒಂದು ಕರೆಗೆ ನಾಲ್ಕು ನಿಮಿಷ, ಅದರಲ್ಲೇ ಫಾರ್ಮೂ ಮುಗಿಯಬೇಕು. ಕಾರಣದ ಜಾಗದಲ್ಲಿ ಪುಣೆಯವರು ಏಳು ಹೆಸರಿನ ಪಟ್ಟಿ ಕೊಟ್ಟಿದ್ದರು. ತುಕ್ಕಿಗೆ ಅಲ್ಲಿ ಹೆಸರಿರಲಿಲ್ಲ, ಇಲಿ ಕಡಿದ ವೈರಿಗೂ ಇರಲಿಲ್ಲ, ಸ್ಟಾರ್ಟರ್ ಡಬ್ಬಿಯಲ್ಲಿ ಸತ್ತ ಕಪ್ಪೆಗಂತೂ ಇಲ್ಲವೇ ಇಲ್ಲ. ಪಟ್ಟಿಯ ತಲೆಯಲ್ಲಿ ವೋಲ್ಟೇಜ್ ಇತ್ತು; ಎಂಟರ್ ಒತ್ತಿದರೆ ಅದೇ ತುಂಬಿಕೊಳ್ಳುತ್ತಿತ್ತು. ಎಂಟರ್ ಒತ್ತಿ ಮುಂದೆ ಹೋಗ್ರಿ, ಇದನ್ನ ಯಾರು ಓದತಾರ ಅಂತ ಕುಮುದಿನಿಯೇ ಎಲ್ಲರಿಗೂ ಕಲಿಸಿದ್ದಳು. ಹಾಗಂತ ಕೆಲಸದಲ್ಲಿ ಮೋಸ ಇರಲಿಲ್ಲ. ನಿಜವಾದ ಕಾರಣವನ್ನು ಆಯಾ ತಾಲ್ಲೂಕಿನ ಮೆಕ್ಯಾನಿಕ್‌ಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು: ತುಕ್ಕು ಹಿಡದೈತಿ, ಬೇರಿಂಗ್ ತಗೊಂಡ ಹೋಗು. ಅವನು ಸರಿಯಾದ ಸಾಮಾನು ಹಿಡಿದು ಹೋಗುತ್ತಿದ್ದ, ಪಂಪು ಮೊದಲ ಭೇಟಿಯಲ್ಲೇ ಓಡುತ್ತಿತ್ತು, ಪುಣೆಯವರು ವರ್ಷಕ್ಕೊಮ್ಮೆ ಶಾಭಾಸ್ ಅನ್ನುತ್ತಿದ್ದರು. ಸತ್ಯ ಬಾಯಿಂದ ಕಿವಿಗೆ ಹೋಯಿತು, ಸುಳ್ಳು ದಾಖಲೆಗೆ ಹೋಯಿತು. ಈಗ ದಾಖಲೆ ಬಾಯಿ ತೆರೆದಿತ್ತು.

ಅವಳು ಶಶಿಧರನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ನಗು ಕೇಳಿತು.

“ದೇವರು ತಾನಾಗೆ ಕೊಟ್ಟಾನರಿ. ಇನ್ನ ಆರು ದಿನ ಸುಮ್ಮನ ಕುಂದರ್ರಿ. ಅದು ತಾನ ಸೋಲತೈತಿ, ನಮ್ಮ ಕಾಂಟ್ರ್ಯಾಕ್ಟ್ ಉಳೀತೈತಿ.”

“ಮೋಟಾರ್ ಸುಡಾಕತ್ತಾವ ಸರ್.”

“ಸುಟ್ಟದ್ದು ಅವರ ಯಂತ್ರದ ಮಾತಿಗೆ. ನಾವು ಆರು ವರ್ಷ ಸುಳ್ಳ ತುಂಬೇವಿ ಅಂತ ಹೇಳಿದ್ರ, ನಾಳೆನ ಕಿತ್ತ ಒಗೀತಾರ. ಹನ್ನೆರಡ ಮಂದಿ ಮನಿಗೆ ನೀವ ಹೋಗಿ ಹೇಳಿ ಬರ್ತೀರೇನು?”

ಶಶಿಧರ ಕೆಟ್ಟವನಲ್ಲ. ಕೊರೋನಾ ಕಾಲದಲ್ಲಿ ಎಲ್ಲರಿಗೂ ಅರ್ಧ ಪಗಾರ ಕೊಟ್ಟು ಸಾಕಿದ್ದ. ಅವನ ಮಾತಿನಲ್ಲಿ ತಪ್ಪೂ ಇರಲಿಲ್ಲ. ಕುಮುದಿನಿ ಒಂದಿಡೀ ದಿನ ಸುಮ್ಮನಿದ್ದಳು. ಹತ್ತನೆಯ ದಿನ ಇನ್ನೂ ಎರಡು ಮೋಟಾರು ಸುಟ್ಟವು.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಮುತ್ತಪ್ಪನಿಗೆ ಫೋನ್ ಹಚ್ಚಿದಳು. ಕಂಪನಿಯಿಂದ ಮಾತಾಡುತ್ತಿದ್ದೇನೆ, ನಿಮಗೆ ಹೇಳಿದ ಉಪಾಯ ತಪ್ಪಾಗಿತ್ತು, ಮೆಕ್ಯಾನಿಕ್‌ನನ್ನು ಕಳಿಸುತ್ತೇನೆ ಎಂದಳು. ಅವನು ಬೈಯಬಹುದೆಂದು ಕಾದಿದ್ದಳು. ಬೈಯಲಿಲ್ಲ. ಪಂಪಿನ ಮಾತೇ ಬಿಟ್ಟು ಬೇರೆ ಏನೋ ಹೇಳಲು ಹಿಂದೆ ಮುಂದೆ ನೋಡಿದ.

“ಆ ಹುಡುಗಿಗೆ ಏನೂ ಅನಬ್ಯಾಡ್ರಿ ಮತ್ತ. ಹೊಸದಾಗಿ ಕೆಲಸಕ್ಕ ಬಂದಾಕಿ ಇರಬೇಕು, ಪಾಪ. ಯಾರು ಹೆಂಗ ಹೇಳಿ ಕೊಟ್ಟಾರೋ ಹಂಗ ಹೇಳ್ಯಾಳ.”

ಕುಮುದಿನಿ ಫೋನಿಟ್ಟು, ಶಿವಬಸವ್ವನಿಗೆ ಅಂತಸ್ತನ್ನು ನೋಡಿಕೊಳ್ಳಲು ಹೇಳಿ, ಬೆಳಗಾವಿ ಬಸ್ಸು ಹತ್ತಿದಳು. ದಾರಿಯಲ್ಲಿ ಅವಳು ಹೇಗೆ ಹೇಳಬೇಕೆಂದು ಯೋಚಿಸಲಿಲ್ಲ. ಏನು ಕೇಳಬೇಕೆಂದು ಯೋಚಿಸಿದಳು.

ಮಾಯಾಳನ್ನು ಮಾಡಿದ ತಂಡದ ಅಜಿಂಕ್ಯ ಆ ಹದಿನೈದು ದಿನ ಉದ್ಯಮಬಾಗದ ಆಫೀಸಿನಲ್ಲೇ ಬೀಡುಬಿಟ್ಟಿದ್ದ. ಮೂವತ್ತರ ಹುಡುಗ, ಬೆಳಗಾವಿಯದೇ ಶಹಾಪುರದವನು. ಮನೆ ಇಲ್ಲೇ ಇದ್ದುದರಿಂದ ಪುಣೆಯವರು ಅವನನ್ನೇ ಕಳಿಸಿದ್ದರು. ಕುಮುದಿನಿ ಒಳಗೆ ಬಂದಾಗ ಅವನು ಪರದೆಯ ಮೇಲೆ ಕೆಂಪು ಗೆರೆಗಳನ್ನು ನೋಡುತ್ತ ಕೂತಿದ್ದ. ಒಬ್ಬನೇ ರೈತ ಮೂರು ಮೂರು ಸಲ ಫೋನ್ ಮಾಡುತ್ತಿರುವುದು ಅವನಿಗೂ ಕಂಡಿತ್ತು, ಯಾಕೆಂದು ತಿಳಿದಿರಲಿಲ್ಲ. ಪಕ್ಕದಲ್ಲಿದ್ದ ಶಶಿಧರ ಅವಳನ್ನು ನೋಡಿದ ಕೂಡಲೆ ಎದ್ದು ನಿಂತು, ಚಾ ಕುಡಿಯಲು ಹೊರಗೆ ಹೋಗೋಣ ಅಂದ.

“ಚಾ ಆಮ್ಯಾಲೆ ಕುಡಿಯೂಣರಿ ಸರ್,” ಎಂದು ಕುಮುದಿನಿ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಜಾಂಬೋಟಿ ಕಡೆಯ ಫೋನುಗಳನ್ನು ಮಾಯಾಳಿಂದ ಬಿಡಿಸಿ ಖಾನಾಪುರಕ್ಕೆ ತಿರುಗಿಸಿರಿ, ಕಾರಣ ಅಷ್ಟರಲ್ಲಿ ಹೇಳುತ್ತೇನೆ ಎಂದಳು. ಅಜಿಂಕ್ಯ ತಿರುಗಿಸಿದ. ಅವಳು ಹೇಳಿದಳು. ಎಂಟರ್ ಒತ್ತಿದ್ದು, ಒತ್ತಲು ಕಲಿಸಿದ್ದು ತಾನೇ ಎನ್ನುವುದು, ಎಂಬತ್ತೊಂದರ ಲೆಕ್ಕ, ಸುಟ್ಟ ಆರು ಮೋಟಾರುಗಳು, ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ಶಶಿಧರ ಕಿಟಕಿಯ ಕಡೆ ಮುಖ ಮಾಡಿದ. ಅಜಿಂಕ್ಯನ ಮುಖ ಕೆಂಪಾಯಿತು. ಎರಡು ವರ್ಷದ ತನ್ನ ದುಡಿಮೆ ಸುಳ್ಳು ಫಾರ್ಮುಗಳ ಮೇಲೆ ನಿಂತಿದೆ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕರಾರಿನಲ್ಲಿ ಇದಕ್ಕೆ ದಂಡ ಇದೆ, ಕರಾರು ರದ್ದು ಮಾಡಲೂ ಬರುತ್ತದೆ ಎಂದ.

“ಇದನ್ನ ಮೊದಲ ಯಾಕ ಹೇಳಲಿಲ್ಲರಿ?”

“ನೀವು ಕೇಳಲಿಲ್ಲರಿ. ನಾಕ ನಿಮಿಷ ಕೊಟ್ರಿ, ಏಳ ಕಾರಣ ಕೊಟ್ರಿ. ನಮ್ಮ ತಪ್ಪು ನಾ ಒಪ್ಪಿಕೊಂಡೇನಿ. ಈಗ ಖರೇದ್ದು ಬೇಕೋ ಬ್ಯಾಡೋ, ಅದನ್ನ ಹೇಳ್ರಿ.”

ಅವಳು ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಆರು ವರ್ಷ ಮೆಕ್ಯಾನಿಕ್‌ಗಳಿಗೆ ಕಳಿಸಿದ ಧ್ವನಿಗಳು ಹಾಗೇ ಇದ್ದವು, ಊರು ಸಹಿತ, ತಾರೀಖು ಸಹಿತ. ಇವಳೊಬ್ಬಳ ಫೋನಿನಲ್ಲೇ ಒಂಬತ್ತು ಸಾವಿರ, ಉಳಿದವರಲ್ಲಿ ಇನ್ನೆಷ್ಟೋ. ಅಜಿಂಕ್ಯ ಒಂದನ್ನು ಕೇಳಿದ. ಇನ್ನೊಂದು ಕೇಳಿದ. ಹತ್ತನೆಯದರ ಹೊತ್ತಿಗೆ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಿದ್ದ. ಸ್ಟಾರ್ಟರಿನಲ್ಲಿ ಕಪ್ಪೆ ಸತ್ತದ್ದಕ್ಕೂ ಹಲ್ಲಿ ಸತ್ತದ್ದಕ್ಕೂ ದುರಸ್ತಿಯಲ್ಲಿ ಏನು ಫರಕು ಎಂದು ಅವನು ಕೇಳಿದಾಗ, ಅರ್ಧ ಗೆದ್ದೆನೆಂದು ಕುಮುದಿನಿಗೆ ಗೊತ್ತಾಯಿತು. ಬಸ್ಸಿನಲ್ಲಿ ಯೋಚಿಸಿದ್ದನ್ನು ಆಗ ಮುಂದಿಟ್ಟಳು.

“ಎಷ್ಟ ಫೋನ್ ಎತ್ತಿದ್ರಿ ಅಂತ ಇನ್ನ ನಮ್ಮನ್ನ ಎಣಸಬ್ಯಾಡ್ರಿ. ಫೋನು ಮಾಯಾ ಎತ್ತಲಿ, ಆಕಿಗೆ ದಣಿವಿಲ್ಲ. ಆಕಿ ಹೇಳಿದ್ದು ಖರೇನೋ ಸುಳ್ಳೋ, ಅದನ್ನ ನೋಡೂದು ನಮ್ಮ ಕೆಲಸ. ಮೊದಲನೇ ಭೇಟಿಗೆ ಎಷ್ಟ ಪಂಪ್ ಓಡಿದ್ವು, ಅದರ ಮ್ಯಾಲೆ ರೊಕ್ಕ ಕೊಡ್ರಿ.”

ಇದನ್ನು ಪುಣೆಯವರಿಗೆ ಕೇಳಬೇಕು ಎಂದ ಅಜಿಂಕ್ಯ. ಮರುದಿನ ಖಾನಾಪುರಕ್ಕೆ ಬಂದು ಶಿವಬಸವ್ವನ ಬಾಜೂಕೆ ಕೂತು ಸಂಜೆತನಕ ಫೋನು ಕೇಳಿದ. ಅವಳು ಅವನಿಗೆ ಅರ್ಧ ರೊಟ್ಟಿ ತಿನ್ನಿಸಿ, ಲಗ್ನ ಯಾಕೆ ಆಗಿಲ್ಲ ಅಂತ ಎರಡು ಸಲ ವಿಚಾರಿಸಿದಳು.

ಜನವರಿಯಲ್ಲಿ ಪುಣೆಯಿಂದ ಪತ್ರ ಬಂತು. ದಂಡ ಇತ್ತು, ಸುಟ್ಟ ಮೋಟಾರುಗಳ ದುರಸ್ತಿಯ ಖರ್ಚಿನಲ್ಲಿ ಅರ್ಧ ಶಶಿಧರ ಹೊರಬೇಕು. ಕರಾರೂ ಇತ್ತು, ಒಂದು ವರ್ಷದ್ದು, ಕುಮುದಿನಿ ಕೇಳಿದ ರೀತಿಯಲ್ಲಿ. ಏಳು ಜನ ಹಳೆಯ ಧ್ವನಿಗಳನ್ನು ಕೇಳಿ ಮಾಯಾಳಿಗೆ ನಿಜವಾದ ಕಾರಣ ಬರೆದುಕೊಡಬೇಕು, ಐದು ಜನ ಅವಳ ಹೊಸ ಕರೆಗಳ ಮೇಲೆ ಕಣ್ಣಿಡಬೇಕು. ವರ್ಷದ ಮೇಲೆ ಏನೆಂದು ಪತ್ರದಲ್ಲಿ ಇರಲಿಲ್ಲ.

ಪತ್ರ ಬಂದ ಮೇಲೆ ಶಶಿಧರ ಹತ್ತು ದಿನ ಅವಳೊಂದಿಗೆ ಮಾತು ಬಿಟ್ಟ. ಹನ್ನೊಂದನೆಯ ದಿನ ಫೋನ್ ಮಾಡಿದ, ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ತಾನು ಫಾರ್ಮು ತುಂಬಿಸುವ ಬೇರೆ ಕಂಪನಿಗಳಲ್ಲೂ ಹೀಗೇ ನಡೆದಿರಬಹುದೇ ಎಂದು ಕೇಳಿದ. ಎಲ್ಲೆಲ್ಲಿ ಗಡಿಯಾರ ಹಿಡಿದು ಬರೆಸಿದ್ದಾರೋ ಅಲ್ಲೆಲ್ಲ ನಡೆದಿರುತ್ತದೆ ಎಂದಳು ಕುಮುದಿನಿ. ಅವರೂ ಯಂತ್ರ ತರುವವರೇ, ಅವರಿಗೂ ಇದನ್ನು ಹೇಳುವವರು ಬೇಕಾಗುತ್ತಾರೆ ಎಂದೂ ಸೇರಿಸಿದಳು. ಶಶಿಧರ, ಸೋಮವಾರ ಒಂದು ವಿಮಾ ಕಂಪನಿಗೆ ಹೋಗುವುದಿದೆ, ನೀವೂ ಬರ್ರಿ ಎಂದ.

ಹೊಸ ಕೆಲಸ ಶುರುವಾದ ಬೆಳಿಗ್ಗೆ ಕುಮುದಿನಿ ಹನ್ನೆರಡು ಜನರನ್ನೂ ಕೂರಿಸಿಕೊಂಡು ಪತ್ರವನ್ನು ಓದಿ ಹೇಳಿದಳು, ವರ್ಷದ ಮೇಲೆ ಏನೆಂದು ಅದರಲ್ಲಿ ಇಲ್ಲದಿರುವುದನ್ನೂ ಹೇಳಿದಳು. ಎಲ್ಲರ ತಲೆಯಲ್ಲಿದ್ದುದನ್ನು ಕೊನೆಗೆ ಶಿವಬಸವ್ವ ಆಡಿದಳು.

“ಕುಮುದಾ, ನಮ್ಮ ಅತ್ತಿ ಮಸಾಲಿ ಖಾರ ಕಲಿಸುವಾಗ ಒಂದ ಸಾಮಾನು ಹೇಳದ ಉಳಿಸಿಕೊಂಡಿದ್ಲು. ಆಕಿ ಇರೂತನಕಾ ಮನ್ಯಾಗ ಆಕಿ ಖಾರಕ್ಕ ಮಾನ. ನಾವೂ ಈಕಿಗೆ ಒಂದೆರಡ ಉಳಿಸಿಕೊಂಡ ಕಲಿಸೂಣೇನು?”

ಕೆಲವರು ನಕ್ಕರು, ಕೆಲವರು ಕುಮುದಿನಿಯ ಮುಖ ನೋಡಿದರು.

“ಆ ಸಾಮಾನು ಯಾವುದು ಅಂತ ಆಮ್ಯಾಲರ ಗೊತ್ತಾತೇನಕ್ಕಾ?” ಎಂದು ಕುಮುದಿನಿ ಕೇಳಿದಳು.

“ಎಲ್ಲಿ ಗೊತ್ತಾತು,” ಎಂದಳು ಶಿವಬಸವ್ವ. “ಆಕಿ ಹೋದಿಂದ ಪಾಕೀಟಿನ ಖಾರ ತರಾಕತ್ತೇವಿ.”

ಶಿವಬಸವ್ವ ಹೆಡ್‌ಫೋನು ಕಿವಿಗೇರಿಸಿ, ಆರು ವರ್ಷದ ಹಿಂದಿನ ತನ್ನದೇ ಧ್ವನಿಯೊಂದನ್ನು ಹಚ್ಚಿದಳು. ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿತು. ಆಗ ತಾನು ಹೇಳಿದ್ದೂ ತಪ್ಪು, ಆ ಮೋಟಾರಿಗೆ ಆಗಿದ್ದು ಬೇರೆಯೇ ಅಂತ ಬಾಜೂಕಿನವಳಿಗೆ ಹೇಳಿದಳು. ಬಾಜೂಕಿನವಳು ಅಲ್ಲವೇ ಅಲ್ಲ ಅಂದಳು. ಮೂರನೆಯವಳು ತನ್ನ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡಳು.